ರಿಂಪಾಯಿಸು

ನಮ್ಮೂರು ಲೌತಕೋಸ್ಕಿಯಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುವಾಗ ತಮ್ಮದೇ ಬೇಲಿಗೆ ಗುದ್ದಿದರೆ ನೋಡಿದವರು ‘ರಿಂಪಾಯಿಸಿದ’ ಅನ್ನುತ್ತಿದ್ದರು. ಸೌನಾಕ್ಕೆ, ಅಂದರೆ ಬಿಸಿ ಹಬೆಯಲ್ಲಿ ಮೀಯುವ ಕೋಣೆಗೆ, ಸೌದೆ ಸೀಳುವಾಗ ಕೊಡಲಿಯನ್ನು ಸ್ವಂತ ಬೂಟಿನ ಮೇಲೆ ಬೀಳಿಸಿಕೊಂಡವನು ರಿಂಪಾಯಿಸಿದ. ನೆಂಟರಿಗೆ ಕಾಫಿ ಬಗ್ಗಿಸಲು ಹೋಗಿ ತನ್ನ ಮಡಿಲಿಗೇ ಸುರಿದುಕೊಂಡವಳು ರಿಂಪಾಯಿಸಿದಳು. ಒಂದು ಚಳಿಗಾಲ, ರಸ್ತೆಯ ಹಿಮ ಬಾಚುವ ಯಂತ್ರದವನು ಊರಿನ ಹಿಮವನ್ನೆಲ್ಲ ತಂದು ಪುರಸಭೆಯ ಬಾಗಿಲಿಗೇ ಒಟ್ಟಿದ. ಅಧ್ಯಕ್ಷರು ಕಿಟಕಿಯಿಂದ ಇಳಿದು ಮನೆಗೆ ಹೋಗಬೇಕಾಯಿತು. ಆಗಂತೂ ವಾರವಿಡೀ ಊರಿನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಆ ಮಾತಿನ ಹಿಂದೆ ಒಬ್ಬ ಮನುಷ್ಯನಿದ್ದ. ಅವನು ಅದೇ ಊರಿನಲ್ಲಿ, ನದಿ ಪಕ್ಕದ ಹಳದಿ ಮನೆಯಲ್ಲಿ, ಹೆಂಡತಿ ಮತ್ತು ಮಗಳ ಜೊತೆ ಇದ್ದ. ಅಂಗಡಿಗೆ ಹಾಲು ತರಲು ಬರುತ್ತಿದ್ದ, ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಲ್ಲುತ್ತಿದ್ದ. ನಗುವವರು ಅದನ್ನು ಮರೆತಿದ್ದರು. ಗೊತ್ತಿದ್ದೂ ನಕ್ಕರು ಎಂದರೆ ನಮ್ಮೂರಿನ ಮರ್ಯಾದೆ ಹೋಗುತ್ತದೆ, ಹಾಗಾಗಿ ಮರೆತಿದ್ದರು ಎಂದೇ ಇಟ್ಟುಕೊಳ್ಳೋಣ.

ತೈಸ್ತೊ ರಿಂಪೆಲಾ ಹುಟ್ಟಿದ್ದು ಮರ ಕೊಯ್ಯುವ ಕಾರ್ಖಾನೆಯ ಸಾಲುಮನೆಯಲ್ಲಿ. ನಮ್ಮ ಮಾತಿನಲ್ಲಿ ತೈಸ್ತೊ ಎಂದರೆ ಹೋರಾಟ. ಯುದ್ಧದಿಂದ ಬಂದ ಅಪ್ಪಂದಿರಿಗೆ ಗಂಡುಮಕ್ಕಳಿಗೆ ಇಂಥ ಹೆಸರಿಡುವ ಹುಚ್ಚು ಆಗಿನ್ನೂ ಇಳಿದಿರಲಿಲ್ಲ. ಹುಡುಗ ಹೆಸರಿಗೆ ತಕ್ಕ ಹಾಗಿರಲಿಲ್ಲ. ದಪ್ಪ ಮೂಳೆ, ನಿಧಾನದ ನಡಿಗೆ, ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಡುವವನು. ನದಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಸ್ಕೇಟ್ಸ್ ಕಟ್ಟಿಕೊಂಡು ಹಾಕಿ ಆಡುವ ಮಕ್ಕಳು ಇಂಥವನನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲೇ ನಿಲ್ಲಿಸಿದರು, ಗೋಲಿನ ಮುಂದೆ, ಎದುರಾಳಿಗೆ ಅಡ್ಡಲಾಗಿ. ಅಂಥ ರಕ್ಷಣೆಯ ಆಟಗಾರನಿಗೆ ನಮ್ಮವರು ‘ಪಾಕ್ಕಿ’ ಅನ್ನುತ್ತಾರೆ. ಗಾಡಿಯ ರಿವರ್ಸ್ ಗೇರಿಗೂ ಅದೇ ಹೆಸರು. ಯಾಕೆಂದರೆ ಪಾಕ್ಕಿಯ ಬದುಕೆಲ್ಲ ಹಿಂದಕ್ಕೆ ಜಾರುವುದರಲ್ಲೇ ಕಳೆಯುತ್ತದೆ: ಎದುರಾಳಿ ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರಿನ ಬಿಲ್ಲೆ ಹಿಡಿದು ನುಗ್ಗಿ ಬರುತ್ತಾನೆ, ಇವನು ಅವನ ಎದೆಯ ಮೇಲಿಂದ ಕಣ್ಣು ತೆಗೆಯದೆ, ಬೆನ್ನು ತನ್ನ ಗೋಲಿನ ಕಡೆ ಇಟ್ಟು, ಅವನಷ್ಟೇ ವೇಗದಲ್ಲಿ ಹಿಂದಕ್ಕೆ ಸಾಗಬೇಕು. ಮುಂದಕ್ಕೆ ನಡೆಯುವಾಗ ಎಡವುತ್ತಿದ್ದ ತೈಸ್ತೊ ಹಿಂದಕ್ಕೆ ಮಾತ್ರ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಗುತ್ತಿದ್ದ.

ಹೀಗೆ ಅವನು ಊರಿನ ತಂಡ ಸೇರಿದ, ತಂಡ ದೇಶದ ಮೇಲಿನ ದರ್ಜೆಗೆ ಏರಿತು, ಮರದ ಕಾರ್ಖಾನೆಯ ಕೆಲಸ ಬಿಟ್ಟು ಸಂಬಳಕ್ಕೆ ಆಡುವ ಆಟಗಾರನಾದ. ಗೋಲು ಹೊಡೆಯುವುದು ಅವನ ಕೆಲಸವಲ್ಲ. ಎದುರಾಳಿ ಬೀಸಿ ಹೊಡೆದ ಬಿಲ್ಲೆಗೆ ಮೊಣಕಾಲನ್ನೋ, ಪಕ್ಕೆಲುಬನ್ನೋ, ಬೇರೆ ದಾರಿಯಿಲ್ಲದಿದ್ದರೆ ಮುಖವನ್ನೋ ಒಡ್ಡುವುದು ಅವನ ಕೆಲಸ. ಮುಂದಿನ ಹಲ್ಲುಗಳು ಮೊದಲ ಎರಡು ಚಳಿಗಾಲದಲ್ಲೇ ಹೋದವು. ಒಳ್ಳೆಯ ಪಾಕ್ಕಿಯ ಬಗ್ಗೆ ಮಾರನೆಯ ದಿನದ ಪತ್ರಿಕೆಯಲ್ಲಿ ಏನೂ ಇರುವುದಿಲ್ಲ. ತೈಸ್ತೊನ ಬಗ್ಗೆ ವರ್ಷಾನುಗಟ್ಟಲೆ ಏನೂ ಇರಲಿಲ್ಲ, ಅವನಿಗೆ ಅದು ಹಿತವಾಗಿತ್ತು.

ಆಮೇಲೆ ಹಲ್ಲನೀಮಿಯ ಪಂದ್ಯ ಬಂತು.

ಹಲ್ಲನೀಮಿ ಎಂದರೆ ನಮ್ಮ ನದಿ ಕೆಳಗೆ ಹರಿದು ಮುಟ್ಟುವ ಪಕ್ಕದ ಊರು. ಅವರಿಗೂ ನಮಗೂ ಯಾಕೆ ಆಗುವುದಿಲ್ಲ ಎಂದು ಕೇಳಬಾರದು, ಆಗುವುದಿಲ್ಲ, ಅಷ್ಟೇ. ಆ ವರ್ಷ ಫೈನಲ್‌ಗೆ ಹೋಗುವ ದಾರಿಯಲ್ಲಿ ನಾವೂ ಅವರೂ ಎದುರುಬದುರಾಗಿದ್ದೆವು. ನಿರ್ಣಾಯಕ ಪಂದ್ಯ, ಅವರ ಊರಿನ ಮಂಜುಗಡ್ಡೆಯ ಅಂಗಳ, ನಮ್ಮೂರಿಂದ ಬಸ್ಸುಗಟ್ಟಲೆ ಜನ. ಕೊನೆಯ ಹೊತ್ತಿನಲ್ಲಿ ಆಟ ಎರಡು ಎರಡು ಸಮನಾಗಿತ್ತು. ಅಷ್ಟರಲ್ಲಿ ಹಲ್ಲನೀಮಿಯವನೊಬ್ಬ ನಮ್ಮ ಹುಡುಗನ ಕಾಲಿಗೆ ಸ್ಟಿಕ್ ಸಿಕ್ಕಿಸಿ ಬೀಳಿಸಿದ. ರೆಫರಿ ಕೈಯೆತ್ತಿದ. ಕೈಯೆತ್ತಿದ ಎಂದರೆ ತಪ್ಪು ಅವರದ್ದು, ಆದರೆ ಬಿಲ್ಲೆ ನಮ್ಮ ಹತ್ತಿರ ಇರುವವರೆಗೆ ಸೀಟಿ ಊದುವುದಿಲ್ಲ. ಅವರು ಮುಟ್ಟಿದ ಕೂಡಲೇ ಊದುತ್ತಾನೆ. ಅಂದರೆ ಆ ಹೊತ್ತಿನಲ್ಲಿ ಅವರಿಗೆ ಗೋಲು ಹೊಡೆಯಲು ಸಾಧ್ಯವೇ ಇಲ್ಲ. ಹಾಗಾಗಿ ನಮ್ಮ ಗೋಲ್‌ಕೀಪರ್ ಉಂತೊ ಗೋಲು ಬಿಟ್ಟು ಬೆಂಚಿಗೆ ಓಡಿದ, ಅವನ ಬದಲು ಇನ್ನೊಬ್ಬ ದಾಳಿಯ ಆಟಗಾರ ಅಂಗಳಕ್ಕೆ ಇಳಿದ. ಎಲ್ಲ ತಂಡಗಳೂ ಮಾಡುವುದೇ ಹೀಗೆ. ಬಲೆ ಖಾಲಿ ಇದ್ದರೂ ಅಪಾಯವಿಲ್ಲ. ಆ ಖಾಲಿ ಬಲೆಗೆ ಗೋಲು ಹಾಕಬಲ್ಲವರು ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಾವೇ.

ಬಿಲ್ಲೆ ತೈಸ್ತೊನ ಹತ್ತಿರ ಬಂತು. ಅವನು ಎದುರಾಳಿಯ ಅರ್ಧದಲ್ಲಿದ್ದ. ಇಬ್ಬರು ಮೇಲೆ ಬಿದ್ದರು. ಸಂಕಟದಲ್ಲಿ ಅವನು ವರ್ಷಗಟ್ಟಲೆ ಮಾಡಿದ್ದನ್ನೇ ಮಾಡಿದ: ನೋಡದೆ, ತನ್ನ ಹಿಂದೆ ಎಡಕ್ಕೆ ಯಾವಾಗಲೂ ನಿಂತಿರುವ ಜೊತೆಗಾರ ಪಾಕ್ಕಿಗೆ ಬಿಲ್ಲೆಯನ್ನು ದಾಟಿಸಿದ. ಆ ಜೊತೆಗಾರ ಆ ಒಂದು ಸಲ ಮುಂದೆ ಹೋಗಿದ್ದ.

ಬಿಲ್ಲೆ ಮೆಲ್ಲಗೆ, ಅವಸರವೇ ಇಲ್ಲದೆ, ಇಡೀ ಅಂಗಳವನ್ನು ದಾಟುತ್ತ ನಮ್ಮದೇ ಖಾಲಿ ಬಲೆಯ ಕಡೆ ಹೊರಟಿತು. ಹಲ್ಲನೀಮಿಯವರು ಅದಕ್ಕೆ ದಾರಿ ಬಿಟ್ಟು ಕೈ ಮೇಲೆತ್ತಿ ನಿಂತರು, ಎಲ್ಲಿ ತಾಗಿ ಸೀಟಿ ಬೀಳುತ್ತದೋ ಎಂದು. ನಮ್ಮವರು ಬಾಯಿ ತೆರೆದು ನಿಂತರು. ಉಂತೊ ಬೆಂಚಿನ ಕಟ್ಟೆಯ ಮೇಲೆ ಒಂದು ಕಾಲಿಟ್ಟುಕೊಂಡು ಹಾಗೇ ಉಳಿದ. ಓಡಿದವನು ತೈಸ್ತೊ ಒಬ್ಬನೇ. ತಿರುಗಿ, ಸ್ಟಿಕ್ ಚಾಚಿ, ಆ ಭಾರದ ಮೈ ಹೊತ್ತು ಅಂಗಳದ ಉದ್ದಕ್ಕೂ ಬೆನ್ನಟ್ಟಿದ. ಕೊನೆಗೆ ಎದೆಯ ಮೇಲೆ ಬಿದ್ದು ಜಾರಿದ. ಸ್ಟಿಕ್ಕಿನ ತುದಿ ಬಿಲ್ಲೆಗೆ ತಾಗಿತು ಕೂಡ, ಆದರೆ ಅಷ್ಟರಲ್ಲಿ ಅದು ಗೆರೆ ದಾಟಿತ್ತು. ಬಿಲ್ಲೆಯ ಹಿಂದೆ ಅವನೂ ಬಲೆಯೊಳಗೆ ಹೋಗಿ ಸಿಕ್ಕಿಕೊಂಡ. ಆ ಒಂದು ಗೋಲಿನಿಂದ ನಾವು ಸೋತೆವು. ನಿಯಮದ ಪ್ರಕಾರ ಆ ಗೋಲು ಹಲ್ಲನೀಮಿಯವರ ಪೈಕಿ ಬಿಲ್ಲೆಯನ್ನು ಕೊನೆಗೆ ಮುಟ್ಟಿದ್ದವನ ಹೆಸರಿಗೆ ಹೋಯಿತು. ಆ ಪುಣ್ಯಾತ್ಮ ಅಂಗಳದ ಇನ್ನೊಂದು ತುದಿಯಲ್ಲಿ ಅಂಡೂರಿ ಕೂತಿದ್ದ. ಅಂದಿನ ಉತ್ತಮ ಆಟಗಾರನೆಂದು ಅವನಿಗೊಂದು ಕಾಫಿ ಸೆಟ್ ಕೂಡ ಕೊಟ್ಟರು.

ಮಾರನೆಯ ಬೆಳಿಗ್ಗೆ ತೈಸ್ತೊ ಅಡುಗೆಮನೆಯಲ್ಲಿ ಕಾಫಿಯ ಮುಂದೆ ಕೂತಿದ್ದ. ಕುಡಿಯಲಿಲ್ಲ. ಹೆಂಡತಿ ಇರ್ಮೆಲಿ ಒಲೆಯ ಹತ್ತಿರ ನಿಂತಿದ್ದಳು. ನಮ್ಮ ಕಡೆ ಗಂಡ ಹೆಂಡತಿ ಇಂಥ ಹೊತ್ತಲ್ಲಿ ಹೆಚ್ಚು ಮಾತಾಡುವುದಿಲ್ಲ, ಹವಾಮಾನದ ಮಾತು ಕೂಡ ಬೇಡ ಅನ್ನಿಸುತ್ತದೆ. ಕೊನೆಗೆ ಅವಳೇ ಬಾಯಿಬಿಟ್ಟಳು.

“ಎಲ್ಲರೂ ನಿಂತಿದ್ರು. ನೀನೊಬ್ಬನೇ ಓಡಿದ್ದು. ನಾನು ನೋಡ್ದೆ.”

“ಸಿಕ್ಕಲಿಲ್ಲವಲ್ಲ,” ಅಂದ ತೈಸ್ತೊ.

“ಸಿಕ್ತು ಅಂತ ನಾನು ಹೇಳ್ತಿಲ್ಲ. ಓಡಿದ್ದು ನೋಡ್ದೆ ಅಂತ ಹೇಳ್ತಿದೀನಿ. ಕಾಫಿ ಆರ್ತಿದೆ, ಕುಡಿ.”

ಮಾತು ಹುಟ್ಟಿದ್ದು ಅದೇ ವಾರ, ಅದನ್ನು ಹುಟ್ಟಿಸಿದವನು ಉಂತೊ. ತೈಸ್ತೊನ ಪ್ರಾಣಸ್ನೇಹಿತ ಅವನೇ, ಅದೇ ದುರದೃಷ್ಟ. ಇಬ್ಬರೂ ಹಳೆಯ ಗೆಳೆಯರನ್ನು ನೋಡಲು ಮರದ ಕಾರ್ಖಾನೆಯ ಊಟದ ಕೋಣೆಗೆ ಹೋಗಿದ್ದರು. ಬಟಾಣಿ ಸಾರಿನ ದಿನ. ಯಾರೂ ಇವರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ, ಚಮಚಗಳ ಸದ್ದು ಮಾತ್ರ. ಹೊರಗೆ ಹಲಗೆ ಎತ್ತುವ ಗಾಡಿಯವನು ಹಿಂದಕ್ಕೆ ಬರುತ್ತ, ತಾನೇ ಅಷ್ಟು ಹೊತ್ತು ನೀಟಾಗಿ ಪೇರಿಸಿದ್ದ ಹಲಗೆಗಳಿಗೆ ಗುದ್ದಿ ಎಲ್ಲವನ್ನೂ ಉರುಳಿಸಿದ. ಉಂತೊ ಕಿಟಕಿಯ ಕಡೆ ನೋಡಿ, “ರಿಂಪಾಯಿಸಿಬಿಟ್ಟ ನೋಡು,” ಅಂದ. ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಳುವವರೂ ನಗುವ ಹಾಗೆ ನಕ್ಕಿತು, ಸೋಲಿನ ಭಾರ ಅವರ ಮೇಲೂ ಇತ್ತಲ್ಲ.

ಆಚೆ ಬಂದ ಮೇಲೆ ಉಂತೊ, ನಿನ್ನ ನಗಿಸೋಣ ಅಂತ ಅಂದೆ ಮಾರಾಯ ಎಂದು ಹೇಳಿದ. “ನಗು ಬರಲಿಲ್ಲ,” ಅಂದ ತೈಸ್ತೊ. ಸಂಜೆ ಇಬ್ಬರೂ ಎಂದಿನಂತೆ ಒಟ್ಟಿಗೇ ಸೌನಾದಲ್ಲಿ ಕೂತರು. ಆದರೆ ಮಾತು ಆಗಲೇ ಉಂತೊನ ಕೈ ತಪ್ಪಿ ಹೋಗಿತ್ತು. ಬೇಸಿಗೆಯ ಹೊತ್ತಿಗೆ ಅದು ಇಡೀ ಊರಿಗೆ ಹಬ್ಬಿತ್ತು. ಹಲ್ಲನೀಮಿಯವರಂತೂ ಅದನ್ನು ಹಬ್ಬದ ಊಟದ ಹಾಗೆ ಚಪ್ಪರಿಸಿದರು.

ಆ ಬೇಸಿಗೆಯಲ್ಲೇ ದಕ್ಷಿಣದ ದೊಡ್ಡ ಊರಿನ ತಂಡವೊಂದು ತೈಸ್ತೊನನ್ನು ಕರೆಯಿತು. ಅಲ್ಲಿ ಅವನ ಹೆಸರು ಬರೀ ಹೆಸರಾಗಿರುತ್ತಿತ್ತು. ಹೋಗು ಎಂದವರೇ ಎಲ್ಲರೂ. ತರಬೇತುದಾರ, ಉಂತೊ, ಸ್ವಂತ ಅಪ್ಪ. ಇರ್ಮೆಲಿ ಮಾತ್ರ, ಎಲ್ಲಿ ಹೋದರೂ ಆಲೂಗಡ್ಡೆ ಬೇಯಿಸಲೇಬೇಕು ಎಂದಳು. ತೈಸ್ತೊ ಒಂದು ವಾರ ದೋಣಿ ತಗೊಂಡು ಮೀನು ಹಿಡಿಯುವ ನೆವದಲ್ಲಿ ಯೋಚಿಸಿದ. ಆಮೇಲೆ ಬಂದು ಹೋಗುವುದಿಲ್ಲ ಎಂದ. ಯಾಕೆ ಎಂದು ಅಪ್ಪ ಬೈದಾಗ ಅವನು ಕೊಟ್ಟ ಉತ್ತರ ನಮ್ಮೂರಿನಲ್ಲಿ ಆಗ ಯಾರಿಗೂ ತಿಳಿಯಲಿಲ್ಲ.

“ನಾನು ಹೋದ್ರೆ ಆ ಮಾತು ಇಲ್ಲೇ ಇರುತ್ತೆ. ಅದು ನನ್ನ ಹೆಸರು. ಅದನ್ನ ಇವರ ಕೈಗೆ ಬಿಟ್ಟು ನಾನ್ಯಾಕೆ ಹೋಗ್ಲಿ?”

ಹಟ ಎಂದರೆ ಅದು. ಮಾತನ್ನು ಅಳಿಸುತ್ತೇನೆ ಎಂದು ಅವನು ಎಲ್ಲೂ ಹೇಳಲಿಲ್ಲ, ಆದರೆ ಹೊಟ್ಟೆಯೊಳಗೆ ಅದೊಂದೇ ಇತ್ತು. ರಿಂಪೆಲಾ ಎಂದರೆ ಜನಕ್ಕೆ ಬೇರೆ ಏನಾದರೂ ನೆನಪಾಗಬೇಕು. ಅದಾಗುವವರೆಗೆ ಅವನು ಇಲ್ಲಿಂದ ಕದಲುವುದಿಲ್ಲ.

ಮುಂದಿನ ಋತುವಿನಿಂದ ಆಟಗಾರರ ಅಂಗಿಯ ಬೆನ್ನಿಗೆ ಹೆಸರು ಹಾಕುವ ಪದ್ಧತಿ ಬಂತು. ಅಕ್ಷರ ಹೊಲಿಯುವ ಕೆಲಸ ಹೆಂಡತಿಯರ ಪಾಲಿಗೆ. ತಂಡದ ವ್ಯವಸ್ಥಾಪಕ ಒಳ್ಳೆಯವನು, ಮನೆಗೇ ಬಂದು ಕಾಫಿ ಕುಡಿದು, ತೈಸ್ತೊನ ಅಂಗಿಗೆ ಬರೀ ಸಂಖ್ಯೆ ಸಾಕೇನೋ, ಬೇರೆ ಊರಿನ ಜನಕ್ಕೆ ಯಾಕೆ ಸುಮ್ಮನೆ ಅವಕಾಶ ಕೊಡಬೇಕು ಎಂದು ನಾಜೂಕಾಗಿ ಹೇಳಿದ. ತೈಸ್ತೊ ಹೆಸರು ಇರಲಿ, ಪೂರ್ತಿ ಇರಲಿ ಎಂದ. ಇರ್ಮೆಲಿ ಸೂಜಿಗೆ ದಾರ ಪೋಣಿಸುತ್ತಲೇ, ಬೆನ್ನು ಅಗಲವಿದೆ, ಅಕ್ಷರ ಸ್ವಲ್ಪ ದೊಡ್ಡದಾಗೇ ಹೊಲಿಯುತ್ತೇನೆ ಎಂದಳು. ಹಾಗೇ ಮಾಡಿದಳು. ಇಡೀ ತಂಡದಲ್ಲಿ ಅಷ್ಟು ದೊಡ್ಡ ಅಕ್ಷರ ಇನ್ಯಾರ ಬೆನ್ನಿಗೂ ಇರಲಿಲ್ಲ.

ಹಲ್ಲನೀಮಿಗೆ ಆಡಲು ಹೋದಾಗಲೆಲ್ಲ ಅವನ ಸ್ಟಿಕ್ಕಿಗೆ ಬಿಲ್ಲೆ ತಾಗಿದ ಕೂಡಲೇ ಜನರೆಲ್ಲ ಒಂದೇ ದನಿಯಲ್ಲಿ, “ಉಪಕಾರ ಆಯ್ತು ರಿಂಪೆಲಾ,” ಎಂದು ಹಾಡಿನ ಹಾಗೆ ಕೂಗುತ್ತಿದ್ದರು. ತರಬೇತುದಾರ ಅವನನ್ನು ಆ ಊರಿನ ಪಂದ್ಯಗಳಲ್ಲಿ ಬೆಂಚಿನಲ್ಲಿ ಕೂರಿಸಲು ನೋಡಿದ. ತೈಸ್ತೊ ಒಪ್ಪಲಿಲ್ಲ. ಅಲ್ಲಿ ಬೇರೆಲ್ಲಿಗಿಂತ ಹೆಚ್ಚು ಹೊತ್ತು ಆಡಿಸಿ ಎಂದ. ಅಲ್ಲೇ ಒಂದು ಸಲ ದವಡೆ ಮುರಿಯಿತು. ವೈದ್ಯರು ಬಾಯಿಗೆ ತಂತಿ ಬಿಗಿದರು, ಇರ್ಮೆಲಿ ಸಾಲ್ಮನ್ ಸಾರನ್ನು ಅರೆದು ಸೋಸಿ ಕೊಳವೆಯಲ್ಲಿ ಕುಡಿಸಿದಳು. ಮೊದಲೇ ಮಾತು ಕಡಿಮೆ, ಈಗ ಅದೂ ಇಲ್ಲ ಎಂದು ಅವಳು ಅಕ್ಕಪಕ್ಕದವರಿಗೆ ಹೇಳಿ ನಕ್ಕಳು. ತಂತಿ ಬಿಚ್ಚುವ ಮೊದಲೇ ಅವನು ಮತ್ತೆ ಅಂಗಳಕ್ಕೆ ಇಳಿದಿದ್ದ.

ಎಷ್ಟೋ ಚಳಿಗಾಲಗಳ ನಂತರ ಮತ್ತೆ ಅಂಥದೇ ಒಂದು ನಿರ್ಣಾಯಕ ಪಂದ್ಯ ಬಂತು, ಮತ್ತೆ ಹಲ್ಲನೀಮಿಯಲ್ಲೇ. ಈ ಸಲ ನಾವು ಒಂದು ಗೋಲು ಮುಂದಿದ್ದೆವು. ಕೊನೆಯ ಗಳಿಗೆಯಲ್ಲಿ ಉಂತೊ ಬಿದ್ದಿದ್ದ, ಬಲೆ ಬಾಯಿ ತೆರೆದಿತ್ತು, ಅವರ ದೈತ್ಯನೊಬ್ಬ ಕೈ ಬೀಸಿ ಹೊಡೆದ. ತೈಸ್ತೊ ಅಡ್ಡ ಬಿದ್ದು ಅದನ್ನು ಸೊಂಟದ ಮೂಳೆಯ ಮೇಲೆ ತಗೊಂಡ. ಗೆದ್ದೆವು. ಅವನನ್ನು ಇಬ್ಬರು ಹೆಗಲು ಕೊಟ್ಟು ಆಚೆ ತಂದರು. ನೋವಿನಲ್ಲೂ ಅವನ ಎದೆ ಹಗುರವಾಗಿತ್ತು, ಮುಗಿಯಿತು, ಇನ್ನು ಆ ಮಾತು ಸತ್ತಿತು ಎಂದು ನಿಜವಾಗಿ ನಂಬಿದ್ದ. ಬಸ್ಸು ಊರಿಗೆ ಬಂದಾಗ ಜನ ಪಂಜು ಹಿಡಿದು ಕಾದಿದ್ದರು. ಇಳಿದವನ ಬೆನ್ನು ತಟ್ಟಿ ಮೊದಲು ಕೈ ಕುಲುಕಿದ ಮುದುಕ, ಕಣ್ಣಲ್ಲಿ ನೀರು ತುಂಬಿಕೊಂಡು, ತುಂಬು ಪ್ರೀತಿಯಿಂದ ಹೇಳಿದ:

“ಶಾಭಾಸ್ ಕಣೋ. ಈ ಸಲ ರಿಂಪಾಯಿಸಲಿಲ್ಲ ನೀನು.”

ತೈಸ್ತೊ ಕೃತಜ್ಞತೆ ಹೇಳಿ ಮನೆಗೆ ನಡೆದ. ಕುಂಟುತ್ತಲೇ ನಡೆದ. ಆ ಸೊಂಟ ಮುಂದೆ ಎಂದೂ ಸರಿಹೋಗಲಿಲ್ಲ.

ಮಗಳು ಸೈಲಾ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಒಂದು ದಿನ ಅವಳ ಟೀಚರಮ್ಮ ಕಳೆಯುವ ಲೆಕ್ಕವನ್ನು ತಲೆಕೆಳಗಾಗಿ ಬರೆದ ಹುಡುಗನಿಗೆ, ರಿಂಪಾಯಿಸಬೇಡ, ನೋಡಿ ಬರಿ ಎಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಎದುರಿಗೆ ಕೂತ ಹುಡುಗಿಯೂ ರಿಂಪೆಲಾ ಎಂದು ಆ ಕ್ಷಣ ಹೊಳೆದಿರಲಿಲ್ಲ. ತರಗತಿಗೆ ಹೊಳೆದಿತ್ತು. ಸೈಲಾ ಮನೆಗೆ ಬಂದು ಅಪ್ಪನನ್ನು ಏನೂ ಕೇಳಲಿಲ್ಲ, ಅಷ್ಟರಲ್ಲಿ ಎಲ್ಲವನ್ನೂ ಬೇರೆಯವರಿಂದ ತಿಳಿದುಕೊಂಡಿದ್ದಳು. ಅವಳು ಒಂದು ಪಂದ್ಯಕ್ಕೂ ಬರಲಿಲ್ಲ. ಹದಿನೆಂಟು ತುಂಬಿದ ವಸಂತದಲ್ಲಿ ಅಡುಗೆಮನೆಯ ಮೇಜಿನ ಮುಂದೆ ಅಪ್ಪನ ಎದುರು ಕೂತು, ತಾಯಿಯ ತವರಿನ ಹೆಸರು ಇಟ್ಟುಕೊಳ್ಳುತ್ತೇನೆ, ಇನ್ನು ಮುಂದೆ ನಾನು ಸೈಲಾ ಹೊನ್ಕಾ ಎಂದಳು.

“ನಿನ್ನ ಮೇಲೆ ಕೋಪ ಇಲ್ಲಪ್ಪಾ. ಆ ಹೆಸರು ಹೊತ್ಕೊಂಡು ತಿರುಗೋಕೆ ನನ್ನ ಕೈಲಾಗಲ್ಲ, ಅಷ್ಟೇ.”

ತೈಸ್ತೊ ಬಹಳ ಹೊತ್ತು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಕೂಡಿಸಿದ.

“ಸರಿ. ನಾನೊಬ್ಬನೇ ಹೊರ್ತೀನಿ ಬಿಡು,” ಅಂದ.

ಅವನ ದವಡೆ ಮುರಿದಾಗ, ಸೊಂಟ ಒಡೆದಾಗ ಯಾರೂ ಅವನ ಕಣ್ಣಲ್ಲಿ ನೀರು ನೋಡಿರಲಿಲ್ಲ. ಆ ಸಂಜೆ ಅವನು ಸೌನಾದಿಂದ ಆಚೆ ಬರಲು ತುಂಬ ಹೊತ್ತಾಯಿತು. ಒಳಗೆ ಎಲ್ಲರ ಮುಖವೂ ಒದ್ದೆಯೇ, ಇರ್ಮೆಲಿ ಕೇಳಲಿಲ್ಲ. ಸೈಲಾ ಓದಲು ಹೊರಟುಹೋದಳು, ಕೊನೆಗೆ ಮದುವೆಯಾಗಿ ನೆಲೆಸಿದ್ದು ಎಲ್ಲಿ ಎಂದರೆ ಹಲ್ಲನೀಮಿಯಲ್ಲಿ. ದೇವರಿಗೂ ಕೆಲವೊಮ್ಮೆ ತಮಾಷೆ ಮಾಡುವ ಮನಸ್ಸಾಗುತ್ತದೆ.

ಅದಕ್ಕೆ ಮೊದಲೇ ತೈಸ್ತೊನ ಆಟ ನಿಂತಿತ್ತು. ಬೀಳ್ಕೊಡುಗೆಯ ಭಾಷಣಗಳಲ್ಲಿ ಎಲ್ಲರೂ ಎಲ್ಲವನ್ನೂ ಹೇಳಿದರು, ಆ ಒಂದನ್ನು ಬಿಟ್ಟು. ಬಿಟ್ಟಿದ್ದು ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದರೆ ಹೇಳಿಬಿಟ್ಟಿದ್ದರೇ ವಾಸಿಯಿತ್ತು. ಅವನು ಅಂಗಳದ ಮಂಜುಗಡ್ಡೆ ನುಣ್ಣಗೆ ಮಾಡುವ ಯಂತ್ರ ಓಡಿಸುವ ಕೆಲಸ ಹಿಡಿದ, ಸಂಜೆ ಹೊತ್ತು ಪುಟ್ಟ ಮಕ್ಕಳಿಗೆ ಆಟ ಕಲಿಸಿದ. ಹೊಸದಾಗಿ ಸ್ಕೇಟ್ಸ್ ಕಟ್ಟಿಕೊಂಡು ಕುರ್ಚಿ ತಳ್ಳಿಕೊಂಡು ಓಡಾಡುವ ಮಕ್ಕಳಿಂದ ಹಿಡಿದು, ಮೀಸೆ ಚಿಗುರುವವರೆಗೆ ಎಲ್ಲರೂ ಅವನ ಕೈಯಲ್ಲೇ ಬೆಳೆದರು. ಆಮೇಲಾಮೇಲೆ ಹುಡುಗಿಯರೂ ಬಂದರು. ಅವನು ಬೈಯುವವನಲ್ಲ. ಯಾರು ಬಿಲ್ಲೆ ಕಳೆದುಕೊಂಡರೂ, ಎಂಥ ಮೂರ್ಖತನ ಮಾಡಿದರೂ ಒಂದು ಮಾತು ಆಡುತ್ತಿರಲಿಲ್ಲ. ಅವನದ್ದು ಒಂದೇ ಪಟ್ಟು: ಕಳೆದುಕೊಂಡವರು ಅಲ್ಲೇ ನಿಂತು ಪೆಚ್ಚುಮುಖ ಹಾಕಬಾರದು. ತಿರುಗಿ ಓಡಬೇಕು. ಬಿಲ್ಲೆ ಆಗಲೇ ಬಲೆ ಸೇರಿದ್ದರೂ ಓಡಿ ಹೋಗಿ ತಮ್ಮ ಗೋಲಿನ ಗೆರೆಯನ್ನು ಸ್ಟಿಕ್ಕಿನಿಂದ ಮುಟ್ಟಬೇಕು. ಮುಟ್ಟದೆ ಅರ್ಧಕ್ಕೆ ನಿಂತವರನ್ನು ಮತ್ತೆ ಮತ್ತೆ ಓಡಿಸುತ್ತಿದ್ದ. ಕೆಲವು ತಾಯಂದಿರು ಬಂದು, ಸಿಗದ ಬಿಲ್ಲೆಯ ಹಿಂದೆ ಮಗುವನ್ನು ಯಾಕೆ ಸುಸ್ತು ಮಾಡುತ್ತೀರಿ ಎಂದು ಕೇಳಿದರು. ಅವನು ಟೋಪಿ ಸರಿಮಾಡಿಕೊಂಡು, ಇಲ್ಲಿ ಹೀಗೇ ಎಂದ.

ಇನ್ನೊಂದು ನಿಯಮವೂ ಇತ್ತು. ಮಕ್ಕಳ ಬಾಯಿಂದ ಒಮ್ಮೆ ಆ ಹಳೆಯ ಮಾತು ಕೇಳಿದಾಗ ಅವನು ಯಂತ್ರ ನಿಲ್ಲಿಸಿ ಇಳಿದು ಬಂದು, ನನ್ನ ಅಂಗಳದಲ್ಲಿ ಅದು ಬೇಡ ಎಂದಷ್ಟೇ ಹೇಳಿದ. ಅವತ್ತಿನಿಂದ ಅವನ ಕಿವಿಗೆ ಬೀಳುವ ಹಾಗೆ ಮಕ್ಕಳು ಅದನ್ನು ಆಡಲಿಲ್ಲ. ದೊಡ್ಡವರಿಗೂ ವಯಸ್ಸಾಗುತ್ತ ಸಂಕೋಚ ಬಂತು. ಅವನು ಅಂಗಡಿಗೆ ಬಂದರೆ ಮಾತು ಬದಲಾಯಿಸುತ್ತಿದ್ದರು. ಹೀಗಾಗಿ ಎಷ್ಟೋ ವರ್ಷ ಅದು ಅವನ ಎದುರು ಕೇಳಲೇ ಇಲ್ಲ. ಬೆನ್ನ ಹಿಂದೆ ಇದೆ ಎಂದು ಮಾತ್ರ ಅವನಿಗೆ ಗೊತ್ತಿತ್ತು. ಹೆಸರನ್ನು ತಿದ್ದಲು ಊರಲ್ಲಿ ಉಳಿದವನು ಕೊನೆಗೆ ಏನನ್ನೂ ತಿದ್ದಲಾರದೆ ಮುದುಕನಾದೆ ಎಂದು ಉಂತೊನ ಹತ್ತಿರ ಒಂದೇ ಒಂದು ಸಲ ಬಾಯಿಬಿಟ್ಟಿದ್ದ. ಉಂತೊ ಸೌನಾದ ಒಲೆಯ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಎರಚಿದ.

ಸೈಲಾಳ ಮಗಳು ಹಿಲ್ಲಾ. ಹುಡುಗಿ ತಾಯಿಯ ಮಾತು ಕೇಳದೆ, ಅಜ್ಜನ ಕಥೆಯೂ ಗೊತ್ತಿಲ್ಲದೆ, ತಾನಾಗಿಯೇ ಹಲ್ಲನೀಮಿಯ ಬಾಲಕಿಯರ ತಂಡಕ್ಕೆ ಸೇರಿದಳು. ಸೇರಿ ಯಾವ ಜಾಗ ಆರಿಸಿಕೊಂಡಳು? ಪಾಕ್ಕಿ. ಸೈಲಾ ಫೋನಿನಲ್ಲಿ ಇದನ್ನು ಹೇಳಿದಾಗ ಇರ್ಮೆಲಿ ನಕ್ಕಳು, ತೈಸ್ತೊ ಕಿಟಕಿಯ ಕಡೆ ತಿರುಗಿಕೊಂಡ. ಮೊದಲ ಪಂದ್ಯಕ್ಕೆ ಬನ್ನಿ ಎಂದು ಸೈಲಾ ಕರೆದಳು. ಆಟ ನಿಂತ ಮೇಲೆ ಅವನು ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಇರ್ಮೆಲಿ, ಬೇಡವಾದರೆ ಬೇಡ ಎಂದಳು. ಅವನು ಒಳ್ಳೆಯ ಕೋಟು ಹಾಕಿಕೊಂಡು ಊರುಗೋಲು ತಗೊಂಡ.

ಭಾನುವಾರದ ಬೆಳಗಿನ ಪಂದ್ಯ. ನೋಡಲು ಬಂದವರು ತಂದೆತಾಯಂದಿರು ಮಾತ್ರ. ಬಾಗಿಲ ಹತ್ತಿರ ಸಾಸೇಜ್ ಸುಡುತ್ತಿದ್ದರು, ಸಾಸಿವೆಯ ವಾಸನೆ ಹಳೆಯದೇ. ಸೈಲಾ ಅಪ್ಪ ಅಮ್ಮನ ಮಧ್ಯೆ ಥರ್ಮಾಸ್ ಇಟ್ಟುಕೊಂಡು ಕೂತಳು. ತೈಸ್ತೊ ಎದುರಿನ ಗೋಲನ್ನು ನೋಡಿದ, ಅದೇ ಗೋಲು, ಅದೇ ತುದಿ. ಅದರ ಮುಂದೆ ಈಗ ಮೊಮ್ಮಗಳು ಹಿಂದಕ್ಕೆ ಜಾರುತ್ತಿದ್ದಳು, ಹೆಲ್ಮೆಟ್ಟಿನ ಕೆಳಗೆ ಜಡೆ ಅಲ್ಲಾಡುತ್ತಿತ್ತು. ಚೆನ್ನಾಗಿಯೇ ಜಾರುತ್ತಿದ್ದಳು. ಮೊಣಕಾಲು ಇನ್ನೂ ಸ್ವಲ್ಪ ಬಗ್ಗಬೇಕು ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡ.

ಆಗ ಹಿಲ್ಲಾ ತಪ್ಪು ಮಾಡಿದಳು. ಬಿಲ್ಲೆಯನ್ನು ಜೊತೆಯವಳಿಗೆ ಕೊಡಲು ಹೋಗಿ ನೇರವಾಗಿ ಎದುರಾಳಿಯ ಸ್ಟಿಕ್ಕಿಗೇ ಕೊಟ್ಟಳು. ಬೆಂಚಿನ ಹತ್ತಿರ ನಿಂತಿದ್ದ ತರಬೇತುದಾರಳು, ಪಿನ್ಯಾ ಎಂಬ ಕೆಂಪು ಕೂದಲಿನ ಯುವತಿ, ಕಟ್ಟೆಯ ಮೇಲೆ ಬಗ್ಗಿ ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು:

“ಹಿಲ್ಲಾ, ರಿಂಪಾಯಿಸು.”

ಸೈಲಾಳ ಮುಖ ಬಿಳುಚಿತು. ಇರ್ಮೆಲಿ ಗಂಡನ ತೋಳು ಹಿಡಿಯಲು ಕೈಚಾಚಿದಳು, ಆದರೆ ಅವನು ಆಗಲೇ ಎದ್ದಿದ್ದ. ತನಗೆ ಅಂದಿದ್ದರೆ ಅವನು ಕೂತಿರುತ್ತಿದ್ದ, ಜೀವಮಾನವೆಲ್ಲ ಕೂತಿದ್ದ. ಅದು ಮಗಳಿಗೆ ತಾಗಿದಾಗ ಅವಳು ಹೆಸರನ್ನೇ ಬಿಟ್ಟಳು, ಅವನು ಸುಮ್ಮನಾದ. ಇದು ಮೂರನೆಯ ತಲೆಮಾರು, ಇನ್ನೂ ಹಾಲುಹಲ್ಲು ಪೂರ್ತಿ ಬೀಳದ ಮಗು. ಊರುಗೋಲು ಊರಿ, ಒಡೆದ ಸೊಂಟ ಎಳೆದುಕೊಂಡು, ಅವನ ಬದುಕಿನಲ್ಲೇ ಮೊದಲ ಸಲ ಆ ಮಾತಿನ ಬಗ್ಗೆ ಯಾರನ್ನಾದರೂ ಕೇಳಲು ಮೆಟ್ಟಿಲಿಳಿದ. ಅಂಗಳದಲ್ಲಿ ಏನಾಗುತ್ತಿದೆ ಎಂದೂ ನೋಡಲಿಲ್ಲ. ಸೈಲಾ ಹಿಂದೆಯೇ ಬಂದಳು.

ಅವನು ಬೆಂಚಿನ ಹತ್ತಿರ ಮುಟ್ಟುವ ಹೊತ್ತಿಗೆ ಸೀಟಿ ಬಿದ್ದು ವಿರಾಮ ಸಿಕ್ಕಿತ್ತು. ಪಿನ್ಯಾ ನೀರಿನ ಬಾಟಲಿ ಹಂಚುತ್ತಿದ್ದಳು. ತೈಸ್ತೊ ಕಟ್ಟೆ ಹಿಡಿದು ಅವಳ ಮುಂದೆ ನಿಂತ.

“ಆ ಮಗೂಗೆ ಈಗ ಏನೋ ಅಂದ್ಯಲ್ಲಮ್ಮ. ಏನು ಹಾಗಂದ್ರೆ?”

“ಯಾವುದು ತಾತ, ರಿಂಪಾಯಿಸು ಅಂದಿದ್ದಾ?” ಪಿನ್ಯಾಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಆದರೂ ಮುದುಕರಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದಳು. “ಬಿಲ್ಲೆ ಕಳ್ಕೊಂಡ್ರೆ ನಿಂತು ನೋಡ್ತಾ ಇರಬಾರ್ದು, ಹಿಂದೇನೇ ಓಡಬೇಕು. ಸಿಕ್ಕಲ್ಲ ಅಂತ ಗೊತ್ತಿದ್ರೂ, ಎಲ್ರೂ ನಿಂತುಬಿಟ್ರೂ, ನಮ್ಮ ಗೋಲಿನ ಗೆರೆ ಮುಟ್ಟೋವರೆಗೂ ಓಡಬೇಕು. ಅದಕ್ಕೆ ರಿಂಪಾಯಿಸೋದು ಅಂತಾರೆ. ನೀವು ನೋಡ್ಲಿಲ್ವಾ, ಹೇಗೆ ಓಡಿದ್ಲು ಹುಡುಗಿ? ಗೆರೆ ಮೇಲೆ ಹಿಡಿದುಬಿಟ್ಲು.”

ತೈಸ್ತೊ ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿದ. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದ. ಪಿನ್ಯಾ ಭುಜ ಕುಣಿಸಿದಳು. ಚಿಕ್ಕಂದಿನಲ್ಲಿ ತನಗೆ ಕಲಿಸಿದವರು ಅನ್ನುತ್ತಿದ್ದರಂತೆ, ಅವರು ನದಿಯ ಮೇಲಿನ ಊರಿಂದ ಇಲ್ಲಿಗೆ ಬಂದವರು. ಈಗ ಎಲ್ಲ ಊರಲ್ಲೂ ಎಲ್ಲರೂ ಅನ್ನುತ್ತಾರಂತೆ.

“ತುಂಬಾ ಹಳೇ ಮಾತು ತಾತ. ನೀವು ಐಸ್ ಮೇಲೆ ಆಡಿಲ್ಲ ಅನ್ಸುತ್ತೆ.”

“ಸ್ವಲ್ಪ ಆಡಿದ್ದೆ,” ಅಂದ ತೈಸ್ತೊ.

ಅಷ್ಟು ಹೇಳಿ ಅವನು ತಿರುಗಿದ. ತಾನು ಯಾರೆಂದು ಹೇಳುವ ಯೋಚನೆ ಅವನಿಗಿರಲಿಲ್ಲ. ತನ್ನ ಊರಿನ ಅಂಗಳದಲ್ಲಿ ತನ್ನ ಕಣ್ಣು ತಪ್ಪಿಸಿ ಮಕ್ಕಳು ಪಿಸುಗುಟ್ಟುತ್ತಿದ್ದದ್ದು ಏನೆಂದು ಅವನಿಗೆ ಈಗ ಗೊತ್ತಾಯಿತು. ತಾನೇ ಬೇಡವೆಂದು ಬಾಯಿ ಕಟ್ಟಿದ್ದ ಮಾತು, ತಾನೇ ಓಡಿಸಿದ ಮಕ್ಕಳ ಕಾಲಿನಲ್ಲಿ ಇಲ್ಲಿಯವರೆಗೆ ಬಂದಿತ್ತು. ಹೆಸರು ಬಂತು, ಅದು ಯಾರದೆಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು. ಇರಲಿ, ಅಷ್ಟು ಸಾಕು ಎಂದುಕೊಂಡು ಮೆಟ್ಟಿಲಿನ ಕಡೆ ಹೆಜ್ಜೆ ಹಾಕಿದ.

ಸೈಲಾ ಕದಲಲಿಲ್ಲ. ಅವಳು ಅಲ್ಲೇ ನಿಂತು ಪಿನ್ಯಾಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು, ಜೋರಾಗೇನೂ ಅಲ್ಲ, ಆದರೆ ಬೆಂಚಿನಲ್ಲಿದ್ದ ಹುಡುಗಿಯರೆಲ್ಲ ತಿರುಗಿ ನೋಡುವ ಹಾಗೆ.

“ಅದು ಹಳೇ ಮಾತಲ್ಲ ಪಿನ್ಯಾ. ನಮ್ಮ ಮನೆ ಹೆಸರು.”

ತೈಸ್ತೊ ಮೊದಲ ಮೆಟ್ಟಿಲಿನ ಮೇಲೆ ನಿಂತ. ಬೇರೆ ಯಾವ ಮಾತೂ ಅವನ ಕಿವಿಗೆ ಬೀಳಲಿಲ್ಲ, ‘ನಮ್ಮ’ ಅಂದದ್ದು ಬಿತ್ತು. ಮೇಲೆ ಇರ್ಮೆಲಿ ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಅವನು ಕೈಗವಸು ತೆಗೆದು ಕಣ್ಣು ಒರೆಸಿಕೊಂಡ, ಸೌನಾ ಇಲ್ಲದ ಜಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಆಮೇಲೆ ಮಗಳು ಬಂದು ತೋಳು ಕೊಡುವವರೆಗೆ ಅಲ್ಲೇ ಕಾದ.